ತಂಗಿಗೆ ಬರೆದುಕೊಟ್ಟ ಕೊಚ್ಚಿ

ನನಗೆ ದೂರದವರನ್ನು ಕಂಡರೆ ಹೊಟ್ಟೆಕಿಚ್ಚು ಬರುವುದಿಲ್ಲ. ಯಾವುದೋ ದೇಶದ ರಾಣಿಗೆ ಏಳು ಅರಮನೆ ಇದ್ದರೂ ನನ್ನ ಊಟ ಎಂದಿನಂತೆ ಸೇರುತ್ತದೆ. ಆದರೆ ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡು ಜೊತೆಗೆ ಬೆಳೆದ ತಂಗಿ ಹಡಗು ಹತ್ತುತ್ತಾಳೆ ಎಂದು ತಿಳಿದ ದಿನ, ಆಣೆ ಮಾಡಿ ಹೇಳುತ್ತೇನೆ, ರೊಟ್ಟಿ ಗಂಟಲಲ್ಲೇ ನಿಂತಿತು.

ನಾನು ಸೊರಬದವಳು. ಕುಬಟೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಪ್ರತಿ ವರ್ಷ ಭಾರತದ ಬಂದರುಗಳ ಪಾಠ ಬರುತ್ತದೆ. ಪ್ರತಿ ವರ್ಷ ನಕ್ಷೆಯನ್ನು ಗೋಡೆಗೆ ತೂಗುಹಾಕಿ, ಕಾಂಡ್ಲಾದಿಂದ ಶುರುಮಾಡಿ ಮುಂಬಯಿ, ಮರ್ಮಗೋವಾ, ಮಂಗಳೂರು ಎಂದು ಕೋಲಿನ ತುದಿಯಲ್ಲಿ ಇಳಿಯುತ್ತ ಕೊಚ್ಚಿಗೆ ಬಂದು ನಿಲ್ಲುತ್ತೇನೆ. ‘ಅರಬ್ಬಿ ಸಮುದ್ರದ ರಾಣಿ’ ಎನ್ನುವಾಗ ನನ್ನ ದನಿ ತಾನಾಗಿಯೇ ಏರುತ್ತದೆಯಂತೆ. ಹಿಂದಿನ ಬೆಂಚಿನ ಹುಡುಗಿಯರು ಅದನ್ನು ಅಣಕಿಸುವುದು ನನಗೆ ಗೊತ್ತು. ಆ ರಾಣಿಯನ್ನು ನಾನು ಕಂಡಿಲ್ಲ. ಸಮುದ್ರವನ್ನೇ ನೋಡಿಲ್ಲವೆಂದಲ್ಲ. ನಮ್ಮ ಕಡೆ ಶಾಲಾ ಪ್ರವಾಸವೆಂದರೆ ಮುರುಡೇಶ್ವರ. ಎಷ್ಟೋ ಸಲ ಮಕ್ಕಳ ಚಪ್ಪಲಿ ಕಾಯುತ್ತ ಮರಳಿನ ಮೇಲೆ ಕೂತಿದ್ದೇನೆ. ನಾನು ನೋಡಿದ್ದು ದಡದಿಂದ ಕಾಣುವ ಸಮುದ್ರ. ಸಮುದ್ರದಿಂದ ದಡ ಹೇಗೆ ಕಾಣುತ್ತದೆಂಬುದು ಪಠ್ಯಪುಸ್ತಕದಲ್ಲಿ ಇಲ್ಲ.

ತಂಗಿ ಗಿರಿಜಾ ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಕೊಚ್ಚಿಯನ್ನು ಬಿಹಾರದಲ್ಲಿ ಗುರುತಿಸಿ ಬಂದವಳು. ಮನೆಯಲ್ಲಿ ಕೇಳಿದಾಗ, “ಅಲ್ಲಿ ಜಾಗ ಖಾಲಿ ಇತ್ತು” ಅಂದಿದ್ದಳು. ಅವಳನ್ನು ಶಿಕಾರಿಪುರಕ್ಕೆ ಕೊಟ್ಟಿದ್ದೇವೆ. ಗಂಡ ವೀರೇಶ ಉಡುತಡಿಯ ಬೇಸಾಯಗಾರರ ಮನೆಯವನು. ಈಗ ಪೇಟೆಯಲ್ಲಿ ಬೋರ್‌ವೆಲ್ಲಿನ ಪೈಪು, ಮೋಟಾರು ಮಾರುವ ದೊಡ್ಡ ಅಂಗಡಿ. ಹೆಚ್ಚು ಪೈಪು ಮಾರಿದ ಅಂಗಡಿಯವರನ್ನು ಯಾವುದೋ ಕಂಪನಿ ಜೋಡಿಯಾಗಿ ಹಡಗಿನ ಪ್ರವಾಸಕ್ಕೆ ಕರೆದೊಯ್ಯುತ್ತದೆಯಂತೆ. ಮುಂಬಯಿಯಲ್ಲಿ ಹತ್ತಿ, ಒಂದು ದಿನ ಕೊಚ್ಚಿಯಲ್ಲಿ ಇಳಿದು, ಮತ್ತೆ ಮುಂಬಯಿಗೆ. ನಮ್ಮ ಸೀಮೆಯ ಅಂತರ್ಜಲ ಪಾತಾಳಕ್ಕೆ ಇಳಿದಷ್ಟೂ ನನ್ನ ತಂಗಿ ಸಮುದ್ರದ ಮೇಲೆ ತೇಲುವಂಥ ಏರ್ಪಾಡು ಇದು.

ಇದನ್ನು ಹೇಳಲು ಅವಳು ಫೋನು ಮಾಡಿದ್ದು ಜನವರಿಯ ಒಂದು ಭಾನುವಾರ ಬೆಳಿಗ್ಗೆ.

“ಅಕ್ಕಾ, ಬೆಳಿಗ್ಗೆ ಎಂಟಕ್ಕೆ ಇಳಿಸ್ತಾರಂತೆ, ಸಂಜಿ ನಾಕರೊಳಗೆ ವಾಪಸ್ ಹತ್ಬೇಕಂತೆ. ಕಂಪನಿಯೋರು ಬಸ್ಸಲ್ಲಿ ಯಾವ್ದೋ ಮಾಲಿಗೆ ಕರ್ಕೊಂಡ್ ಹೋಗ್ತಾರಂತೆ. ನಮಗೆ ಅದು ಬ್ಯಾಡ. ನೀನು ಟೀಚರ್ ಅದೀ, ಎಲ್ಲಾ ಗೊತ್ತೈತಿ ನಿನಗೆ. ಎಲ್ಲೆಲ್ಲಿ ಹೋಗೋದು ಅಂತ ಒಂದು ಚೀಟಿ ಬರ್ದು ಕೊಡು.”

“ಎಂಟು ಗಂಟೆಯಲ್ಲಿ ಏನ್ ನೋಡಕ್ಕಾಗತ್ತೆ?” ಅಂದೆ. ದನಿ ನನಗೇ ಹುಳಿಯಾಗಿ ಕೇಳಿಸಿತು.

“ಆದಷ್ಟು ನೋಡೋದಪ್ಪ,” ಅಂದಳು. ಹಿನ್ನೆಲೆಯಲ್ಲಿ ವೀರೇಶನ ದನಿಯೂ ಬಂತು: “ಅಕ್ಕಾರೆ, ನನ್ನ ಮೊಣಕಾಲು ಸ್ವಲ್ಪ ನೆನಪಿಟ್ಕೊಂಡು ಬರೀರಿ.”

ಅಸೂಯೆ, ಮತ್ಸರ ಎಂಬ ಸಂಸ್ಕೃತದ ಮಾತುಗಳು ನಿಘಂಟಿನಲ್ಲಿ ಮರ್ಯಾದೆಯಿಂದ ಕೂತಿರುತ್ತವೆ. ಕನ್ನಡ ಮಾತ್ರ ಕಿಚ್ಚು ಹೊತ್ತುವ ಜಾಗವನ್ನು ಸರಿಯಾಗಿ ಕಂಡುಹಿಡಿದಿದೆ. ಅವತ್ತು ನನಗೆ ಉರಿದದ್ದು ಎದೆಯಲ್ಲ, ತಲೆಯಲ್ಲ, ಹೊಟ್ಟೆಯೇ. ಮಜ್ಜಿಗೆ ಕುಡಿದರೂ ಹೋಗಲಿಲ್ಲ. ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಂದಳಿಕೆಯ ಪಾಳುಗುಡಿಗಳಿಗೆ ಮಕ್ಕಳನ್ನು ಕರೆದೊಯ್ದಾಗಲೆಲ್ಲ, ಈ ಸೀಮೆಯ ವರ್ತಕರು ಒಂದು ಕಾಲಕ್ಕೆ ದೇಶಾಂತರ ವ್ಯಾಪಾರ ಮಾಡಿದವರು ಎಂದು ಅಭಿಮಾನದಿಂದ ಹೇಳುತ್ತೇನೆ. ವೀರೇಶ ವ್ಯಾಪಾರಿ, ಹೋಗಲಿ ಬಿಡು. ಪಾಠ ಹೇಳುವವರಿಗೆ ಆಗಲೂ ಊರಿನಲ್ಲೇ ಗದ್ದೆ ಬಿಟ್ಟುಕೊಟ್ಟು ಕೂರಿಸುತ್ತಿದ್ದರು, ಸಮುದ್ರಕ್ಕೆ ಕಳಿಸುತ್ತಿರಲಿಲ್ಲ. ಇತಿಹಾಸದಲ್ಲಿ ಎಲ್ಲದಕ್ಕೂ ಸಮಾಧಾನ ಸಿಗುತ್ತದೆ. ಆದರೆ ಅದು ಹೊಟ್ಟೆಗೆ ಇಳಿಯುವುದಿಲ್ಲ.

ಮರುದಿನವೇ ಸ್ಟಾಫ್ ರೂಮಿನಲ್ಲಿ ಬಿಡುವಿನ ಪೀರಿಯಡ್ಡಿನಲ್ಲಿ ಬರೆಯಲು ಕೂತೆ. ಫೋನಿನಲ್ಲಿ ಕೊಚ್ಚಿಯ ನಕ್ಷೆಯನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಹಡಗು ನಿಲ್ಲುವುದು ಒಂದು ದ್ವೀಪದಲ್ಲಿ. ಆ ದ್ವೀಪ ದೇವರು ಮಾಡಿದ್ದಲ್ಲ, ಬಂದರಿನ ಹೂಳೆತ್ತಿ ಮನುಷ್ಯರೇ ಮಾಡಿಕೊಂಡದ್ದು. ಇದನ್ನು ಗಿರಿಜಾ ಇಳಿದ ಕೂಡಲೇ ತಿಳಿದುಕೊಳ್ಳಬೇಕು ಎಂದು ಬರೆದೆ. ಎಂಟೂಕಾಲಿಗೆ ಆಟೋ. ಒಂಬತ್ತಕ್ಕೆ ಚೀನೀ ಮೀನುಬಲೆಗಳು, ಬಲೆ ಎತ್ತಿ ಇಳಿಸುವ ಸೂತ್ರವನ್ನು ಗಮನಿಸುವುದು. ಒಂಬತ್ತೂವರೆಗೆ ಹಳೆಯ ಕ್ರೈಸ್ತ ಇಗರ್ಜಿ. ಆಮೇಲೆ ಧೋಬಿಗಳು ಸಾಲಾಗಿ ಬಟ್ಟೆ ಒಗೆಯುವ ಜಾಗ. ಗೋಡೆಚಿತ್ರಗಳಿರುವ ಅರಮನೆ. ಯೆಹೂದಿಗಳ ಪ್ರಾರ್ಥನಾಮಂದಿರ, ಅದರ ನೆಲಕ್ಕೆ ಹಾಸಿದ ನೀಲಿ ಬಿಲ್ಲೆಗಳಲ್ಲಿ ಒಂದರಂತೆ ಒಂದಿಲ್ಲವಂತೆ, ಪರೀಕ್ಷಿಸುವುದು. ಪಾರಿವಾಳಗಳಿಗೆ ಕಾಳು ಹಾಕುವ ಜೈನ ಬಸದಿ. ಸಂಬಾರ ಪದಾರ್ಥಗಳ ಗೋದಾಮು. ಆಚೆ ದಡಕ್ಕೆ ದೋಣಿ, ಈಚೆ ದಡಕ್ಕೆ ದೋಣಿ. ಬರೆಯುತ್ತ ಬರೆಯುತ್ತ ಹನ್ನೊಂದು ಜಾಗಗಳಾದವು. ಚೀಟಿ ಕೇಳಿದವಳಿಗೆ ನಾಲ್ಕು ಪುಟವಾಯಿತು. ಊಟಕ್ಕೆ ಇಪ್ಪತ್ತು ನಿಮಿಷ ಕೊಟ್ಟಿದ್ದೆ. ಆಮೇಲೆ ಯೋಚಿಸಿ ಹದಿನೈದು ಮಾಡಿದೆ.

ನಮ್ಮನೆಯವರು ಸರ್ವೆ ಇಲಾಖೆಯಲ್ಲಿದ್ದಾರೆ. ಊರವರ ಜಮೀನಿಗೆ ಹದ್ದುಬಸ್ತು ಮಾಡಿ ಗಡಿಕಲ್ಲು ನೆಡಿಸಿ ಬರುವುದು ಅವರ ಕೆಲಸ. ಸಂಜೆ ಕಾಫಿ ಕುಡಿಯುತ್ತ ನಾಲ್ಕೂ ಪುಟ ಓದಿ ಕನ್ನಡಕ ತೆಗೆದರು.

“ಇದು ಪ್ರವಾಸ ಅಲ್ಲ ಮಾರಾಯ್ತಿ, ಶಿಕ್ಷೆ. ಆ ವೀರೇಶನ ಮಂಡಿ ಗತಿ ಏನು? ಒಂದು ಕಡೆನಾದ್ರೂ ‘ಕೂರುವುದು’ ಅಂತ ಬರೆದಿದೀಯಾ?”

“ಅಷ್ಟು ದೂರ ಹೋಗಿ ಕೂರೋದೇನ್ರೀ? ಕೂರಕ್ಕೆ ಹಡಗಿದೆ.”

“ನಿನ್ ಹೊಟ್ಟೆಕಿಚ್ಚಿಗೂ ಒಂದು ಹದ್ದುಬಸ್ತು ಮಾಡ್ಬೇಕು ನೋಡು,” ಎಂದು ಅವರು ನಕ್ಕು ಎದ್ದುಹೋದರು. ನನಗೆ ನಗು ಬರಲಿಲ್ಲ, ಏಕೆಂದರೆ ಅವರ ಅಳತೆ ಸರಿಯಾಗಿತ್ತು. ತಂಗಿ ಎಲ್ಲವನ್ನೂ ನೋಡಲಿ ಎಂದು ನಾನು ಬರೆದಿರಲಿಲ್ಲ. ನಾನು ನೋಡಬೇಕೆಂದುಕೊಂಡದ್ದನ್ನೆಲ್ಲ ಅವಳು ಓಡುತ್ತ ನೋಡಲಿ, ಒಂದು ನಿಮಿಷವೂ ಹಾಯಾಗಿ ಕಾಲು ಚಾಚದಿರಲಿ ಎಂದು ಬರೆದಿದ್ದೆ. ಹಾಗೆಂದು ಗೊತ್ತಿದ್ದೂ ಪುಟಗಳ ಫೋಟೋ ತೆಗೆದು ಅವಳಿಗೆ ಕಳಿಸಿದೆ. “ಎಷ್ಟು ಕಷ್ಟ ಪಟ್ಟೀಯಕ್ಕಾ!” ಎಂದು ಉತ್ತರ ಬಂತು. ಜೊತೆಗೆ ಕೈಮುಗಿದ ಚಿತ್ರಗಳು, ಸಾಲಾಗಿ.

ಅವರು ಕೊಚ್ಚಿಯಲ್ಲಿ ಇಳಿಯುವ ದಿನ ಬುಧವಾರ. ಪ್ಲಾನಿನ ಒಂದು ಪ್ರತಿಯನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡು ಶಾಲೆಗೆ ಹೋದೆ. ಪ್ರಾರ್ಥನೆಯ ಹೊತ್ತಿಗೆ ಚೀನೀ ಬಲೆಯ ಫೋಟೋ ಬಂತು. ಆಮೇಲೆ ಇಗರ್ಜಿ, ಧೋಬಿಗಳು, ಅರಮನೆಯ ಬಾಗಿಲು. ಪ್ರತಿ ಫೋಟೋದಲ್ಲೂ ಗಿರಿಜಾ ಹಲ್ಲು ಬಿಟ್ಟು ನಿಂತಿದ್ದಾಳೆ. ಹೊಸ ಚೂಡಿದಾರ, ತಲೆಗೆ ಒಂದು ಟೋಪಿ. ಆ ಟೋಪಿಯನ್ನು ಕಂಡು ನನಗೆ ಬಂದ ಸಿಟ್ಟು ಇಂಥದ್ದೆಂದು ಹೇಳಲಾರೆ. ಹನ್ನೆರಡರ ಹೊತ್ತಿಗೆ ಫೋನು ಮಾಡಿ, “ಚಾರ್ಜ್ ಕಡಿಮೆ ಐತಿ ಅಕ್ಕಾ, ಇನ್ಮೇಲೆ ಫೋಟೋ ಇಲ್ಲ. ಆರನೇದು ಮುಗೀತು,” ಅಂದಳು. ಊಟದ ಬಿಡುವಿನಲ್ಲಿ, “ಎಂಟು ಮುಗೀತು” ಎಂಬ ಸಂದೇಶ ಬಂತು. ಎರಡೂವರೆಗೆ “ಹತ್ತು.” ಪರವಾಗಿಲ್ಲವೇ, ಬಿಹಾರದವಳು ಎಂದುಕೊಂಡೆ.

ಮೂರು ಇಪ್ಪತ್ತೈದಕ್ಕೆ, ಒಂಬತ್ತನೇ ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ ಬ್ಯಾಗಿನಲ್ಲಿ ಫೋನು ಹೊಡೆದುಕೊಂಡಿತು. ತರಗತಿಯಲ್ಲಿ ಫೋನು ಎತ್ತುವವಳಲ್ಲ ನಾನು. ಅವತ್ತು ಎತ್ತಿದೆ.

“ಅಕ್ಕಾ, ಸೇತುವೆ ಮ್ಯಾಲೆ ಸಿಕ್ಕೊಂಡೀವಿ. ಮುಂದೆ ಯಾವ್ದೋ ಲಾರಿ ಕೆಟ್ಟು ನಿಂತೈತಿ. ಅರ್ಧ ತಾಸಾತು, ಆಟೋ ಅಲ್ಲಾಡವಲ್ದು. ನಮ್ಮ ಹಡಗು ಇಲ್ಲಿಂದ ಕಾಣ್ತೈತಿ. ಕಾಣ್ತೈತಿ, ಹೋಗಾಕ್ ಆಗವಲ್ದು!” ಅವಳ ದನಿ ಅಳುವ ಹಂತಕ್ಕೆ ಬಂದಿತ್ತು.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಆ ಮಾತು ಕಿವಿಗೆ ಬಿದ್ದ ಕೂಡಲೇ, ಅರೆಕ್ಷಣ, ನನಗೆ ಖುಷಿಯಾಯಿತು. ಹಡಗು ಇವರನ್ನು ಬಿಟ್ಟು ಹೋಗುತ್ತಿರುವ ಚಿತ್ರ ಕಣ್ಣ ಮುಂದೆ ಬಂತು, ಹೊಟ್ಟೆ ತಣ್ಣಗಾಯಿತು. ಮರುಕ್ಷಣ ಉಳಿದದ್ದೂ ಕಂಡಿತು. ಗುರುತಿಲ್ಲದ ಊರು, ಬಾರದ ಭಾಷೆ, ಬ್ಯಾಗು ಬಟ್ಟೆಯೆಲ್ಲ ಹಡಗಿನಲ್ಲಿ, ಕುಂಟುವ ಗಂಡ, ಸತ್ತುಹೋಗುವ ಫೋನು. ಇದೆಲ್ಲ ನಾನು ನಾಲ್ಕು ಪುಟ ಬರೆದು ಮಾಡಿದ್ದು.

“ಇಳಿದು ನಡೀರಿ ಗಿರಿಜಾ! ಆಟೋ ಬಿಡಿ!” ಎಂದು ಕೂಗಿದೆ.

“ಇವ್ರ ಕಾಲು ಬರವಲ್ದಕ್ಕಾ...” ಎನ್ನುವಷ್ಟರಲ್ಲಿ ಫೋನು ಸತ್ತಿತು.

ಯಾವಾಗಲೂ ನನ್ನನ್ನು ಅಣಕಿಸುವ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: “ಮಿಸ್, ಹಡಗು ಕಾಯಲ್ವಾ?” ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಅವತ್ತು ಮೊದಲ ಬಾರಿ “ಗೊತ್ತಿಲ್ಲಮ್ಮ” ಅಂದೆ. ಚಂದ್ರಗುತ್ತಿ ಅಮ್ಮನಿಗೆ ಹರಕೆ ಹೊತ್ತೆ. ಬಸ್ಸಿನಲ್ಲಿ ಮನೆಗೆ ಬರುವ ತನಕ ಮೂವತ್ತು ಸಲವಾದರೂ ಅವಳ ನಂಬರು ಒತ್ತಿದೆ. ವೀರೇಶನದೂ ಹೋಗಲಿಲ್ಲ. ಬಾಗಿಲಲ್ಲೇ ನಮ್ಮನೆಯವರಿಗೆ ಎಲ್ಲವನ್ನೂ ಹೇಳಿ ಅತ್ತೆ.

“ಹಡಗು ತಪ್ಪಿದ್ರೆ ರೈಲಿದೆಯಲ್ಲೇ. ಅವರೇನು ನಡುಗಡ್ಡೇಲಿ ಸಿಕ್ಕಿಬಿದ್ದಿದಾರಾ?” ಅಂದರು.

“ನಡುಗಡ್ಡೆನೇರೀ ಅದು!” ಎಂದು ಇನ್ನೂ ಜೋರಾಗಿ ಅತ್ತೆ.

ಐದೂಮುಕ್ಕಾಲಿಗೆ ಗಿರಿಜಾಳ ದನಿಯ ಸಂದೇಶ ಬಂತು. ಗಾಳಿಯ ಸದ್ದಿನಲ್ಲಿ ಎರಡೇ ಮಾತು: “ಹತ್ತಿದ್ವಿ ಅಕ್ಕಾ.”

ಹದಿನೈದು ದಿನ ಕಳೆದು ಗಂಡ ಹೆಂಡತಿ ಸೊರಬಕ್ಕೆ ಬಂದರು. ನೇಂದ್ರಬಾಳೆಯ ಚಿಪ್ಸು ತಂದಿದ್ದರು, ಜೊತೆಗೆ ಒಂದು ಪೊಟ್ಟಣ ಕಾಳುಮೆಣಸು. ನಮ್ಮ ಹಿತ್ತಲ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಕೆಳಗೆ ಕುರ್ಚಿ ಹಾಕಿಕೊಂಡು ಅದನ್ನು ಇಸಿದುಕೊಂಡೆ. ವೀರೇಶ ಕಾಲು ನೀಡಿ ಕೂತು ಕಥೆ ಹೇಳಿದ. ಆಟೋದವನು ನರೆಗೂದಲಿನ ಮುದುಕ. ಇವರ ಸಂಕಟ ನೋಡಲಾರದೆ ಇಳಿದುಹೋಗಿ, ಸಂದಿಯಲ್ಲಿ ನುಸುಳುತ್ತಿದ್ದ ಎರಡು ಸ್ಕೂಟರುಗಳನ್ನು ಅಡ್ಡಗಟ್ಟಿ ನಿಲ್ಲಿಸಿದನಂತೆ. ಏನು ಹೇಳಿದನೋ, ಒಂದರ ಮೇಲೆ ಇವನನ್ನು, ಇನ್ನೊಂದರ ಮೇಲೆ ಗಿರಿಜಾಳನ್ನು ಹತ್ತಿಸಿ ಕಳಿಸಿದ. ಬಂದರಿನ ಗೇಟಿಗೆ ಇವರು ಮುಟ್ಟಿದ್ದು ನಾಲ್ಕಕ್ಕೆ ನಾಲ್ಕು ನಿಮಿಷ ಇರುವಾಗ.

“ಗುರ್ತಿಲ್ದೋರ ಸ್ಕೂಟರ್ ಹತ್ತಿದ್ದು ಜೀವನ್ದಾಗೆ ಮೊದಲ್ನೇ ಸಲ,” ಎಂದು ಗಿರಿಜಾ ನಕ್ಕಳು. “ಟೋಪಿ ಹಾರಿ ನೀರಿಗೆ ಬಿತ್ತು ನೋಡು.”

ನಾನು ನಗಲಿಲ್ಲ. ಹದಿನೈದು ದಿನ ಹೊತ್ತುಕೊಂಡದ್ದನ್ನು ಇಳಿಸಿಬಿಡಬೇಕಿತ್ತು. “ತಪ್ಪು ನಂದು ಗಿರಿಜಾ. ಹನ್ನೊಂದು ಜಾಗ ಬರೆದಿದ್ದು ನಿನ್ನ ಮೇಲಿನ ಪ್ರೀತಿಗಲ್ಲ. ಹೊಟ್ಟೆಕಿಚ್ಚಿಗೆ ಬರೆದೆ. ಅದನ್ನ ಪೂರೈಸಕ್ಕೆ ಹೋಗಿ ನೀವು ಲೇಟಾಗಿದ್ದು.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ವೀರೇಶ ಮೆಣಸಿನ ಬಳ್ಳಿಯನ್ನು ಪರೀಕ್ಷಿಸತೊಡಗಿದ.

“ಹೊಟ್ಟೆಕಿಚ್ಚು ಅಂತ ಗೊತ್ತಿತ್ತು ಬಿಡಕ್ಕಾ,” ಅಂದಳು ಗಿರಿಜಾ. “ಊಟಕ್ಕೆ ಹದಿನೈದು ನಿಮಿಷ ಯಾರ್ ಕೊಡ್ತಾರೆ? ಆದ್ರೆ ಲೇಟಾಗಿದ್ದು ಅದ್ರಿಂದಲ್ಲ. ಹನ್ನೊಂದೆಲ್ಲಿ ನೋಡಿದ್ವಿ? ನಾಕು ನೋಡೋದ್ರೊಳಗೆ ಇವ್ರ ಕಾಲು ನಿಂತೋಯ್ತು. ಆಮೇಲೆ ನೀರಿನ ದಂಡೆ ಮ್ಯಾಲೆ ಒಂದು ಚಾ ಅಂಗಡಿ ಇತ್ತು. ಅಲ್ಲಿ ಬೆಂಚಿನ ಮೇಲೆ ಕೂತಿದ್ವಿ. ಮೂರು ತಾಸು ಏಳಾಕ್ ಮನ್ಸೇ ಬರ್ಲಿಲ್ಲ.”

“ಮತ್ತೆ ಆರು ಮುಗೀತು, ಎಂಟು ಮುಗೀತು ಅಂದೆಯಲ್ಲೇ!”

“ನಾಕು ಪುಟ ಬರ್ದೀಯ, ಬೇಜಾರ್ ಮಾಡ್ಕೋತೀಯ ಅಂತ. ಗಂಟೆ ನೋಡಿ ನೋಡಿ ನಂಬರ್ ಹೇಳಿದೆ.”

ನನ್ನನ್ನು ನೋಯಿಸಬಾರದೆಂದು ಬೆಂಚಿನ ಮೇಲೆ ಕೂತು ಇವಳು ಸುಳ್ಳು ಹೇಳುತ್ತಿದ್ದಾಗ, ಇತ್ತ ನಾನು ಹಾಜರಿ ಪುಸ್ತಕ ತೆರೆದು ಒಂದೊಂದಕ್ಕೂ ಸರಿ ಗುರುತು ಹಾಕುತ್ತಿದ್ದೆ. ನಾಚಿಕೆಯಾಯಿತು. ಆದರೆ ನಾಚಿಕೆಯ ಹಿಂದೆಯೇ ಇನ್ನೊಂದೂ ಬಂತು. “ಮೂರು ತಾಸು ಸುಮ್ನೆ ಏನ್ ಮಾಡಿದ್ರಿ?” ಎಂದು ಕೇಳಿದೆ.

“ಏನಿಲ್ಲ. ಮದುವೆ ಆದಮ್ಯಾಲೆ ಇವ್ರು ಅಂಗಡಿ ಫೋನ್ ಬಂದ್ ಮಾಡಿ ಹಡಗಲ್ಲೇ ಇಟ್ಟು ಮೂರು ತಾಸು ನನ್ನ ಪಕ್ಕ ಕೂತಿದ್ದು ಅದೇ ಮೊದಲು. ಮಾತೂ ಆಡ್ಲಿಲ್ಲ. ಹಡಗು ಹೋಗೋದು ಬರೋದು ನೋಡ್ತಿದ್ವಿ.”

ಹಡಗಿನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಅಲ್ಲಿಗೆ ತೀರಿಹೋಗಿ, ಆ ಬೆಂಚಿನ ಮೇಲೆ ಹೊಸದೊಂದು ಹುಟ್ಟಿತು. ಇದು ಮೊದಲಿನದಕ್ಕಿಂತ ವಾಸಿ, ಯಾಕೆಂದರೆ ಇದನ್ನು ಬಾಯಿಬಿಟ್ಟು ಹೇಳಬಹುದಿತ್ತು. ಹೇಳಿದೆ. ಗಿರಿಜಾ ತಟ್ಟನೆ, “ಹಂಗಾದ್ರೆ ಬೇಸಿಗೆ ರಜಕ್ಕೆ ನಾವಿಬ್ರೂ ಹೋಗಾಣ ನಡಿ, ರೈಲಲ್ಲಿ. ಗಂಡಂದಿರು ಬ್ಯಾಡ. ಪ್ಲಾನ್ ನಾನ್ ಮಾಡ್ತೀನಿ,” ಅಂದಳು. ಕೊಚ್ಚಿಯನ್ನು ಬಿಹಾರಕ್ಕೆ ಕಳಿಸಿದವಳ ಕೈಗೆ ಪ್ಲಾನು ಕೊಡುವುದೇ ಎಂದು ನನ್ನೊಳಗಿನ ಟೀಚರು ಒದ್ದಾಡಿದಳು. ಆದರೂ ಒಪ್ಪಿದೆ.

ಕಳೆದ ವಾರ ರೈಲಿನ ಟಿಕೆಟ್ಟಾಯಿತು. ಎಲ್ಲಿ ಹೋಗುವುದು, ಏನು ನೋಡುವುದು, ಪ್ಲಾನು ಕಳಿಸು ಎಂದು ಎರಡು ದಿನ ಅವಳ ಬೆನ್ನುಹತ್ತಿದೆ. ನಿನ್ನೆ ಬೆಳಿಗ್ಗೆ ಅಡಿಗೆಮನೆಯಲ್ಲಿದ್ದಾಗ ಉತ್ತರ ಬಂತು. ಹಿಂದೆ ಅವಳ ಮನೆಯ ಮಿಕ್ಸಿಯ ಸದ್ದು, ಮುಂದೆ ಅವಳ ದನಿ: “ಪ್ಲಾನ್ ಏನಕ್ಕಾ, ಇಳಿಯೋದು. ಮುಂದಿಂದು ಇಳಿದ್ಮ್ಯಾಲೆ.”

ಆ ಸಂದೇಶವನ್ನು ಮೂರು ಸಲ ಹಾಕಿ ಕೇಳಿದೆ. ಇಪ್ಪತ್ತನಾಲ್ಕು ವರ್ಷ ಉತ್ತರಪತ್ರಿಕೆ ತಿದ್ದಿದವಳು ನಾನು. ತಿದ್ದುವುದಕ್ಕೆ ಅದರಲ್ಲಿ ಏನೂ ಸಿಗಲಿಲ್ಲ.