ಹಿರಿಯರಿಗೊಂದು ಹೆಸರು

ಹಿರಿಯರ ಮೂಲೆ ಸಾರಿಸುತ್ತಿದ್ದೆ, ಕೈಯೆಲ್ಲ ಸಗಣಿ. ಮಗಳ ಫೋನು ಬಂತು. ಕಿರುಬೆರಳಿನಿಂದ ಸ್ಪೀಕರ್ ಒತ್ತಿದೆ.

ನಾವು ಸಿದ್ದಿಗಳು. ಮನೆಯಲ್ಲಿ ತೀರಿಕೊಂಡವರೆಲ್ಲ ಆ ಮೂಲೆಯ ತೆಂಗಿನಕಾಯಿಯಲ್ಲಿ ನೆಲೆಸಿದ್ದಾರೆಂದು ನಂಬಿ ಕೈಮುಗಿಯುವವರು. ಶಿರಸಿಯಲ್ಲಿ ಕಾಲೇಜು ಓದುವ ಮಗಳು, ಹೋದ ವರ್ಷ ತೀರಿದ ನನ್ನ ಅತ್ತೆಯ ಮೇಲೆ ಕತೆ ಬರೆದು ಯಾವುದೋ ಸಂಕಲನಕ್ಕೆ ಕಳಿಸಿದ್ದಳು.

“ಆಯಿ, ಕತೆ ತಗೊಂಡ್ರು. ಆದ್ರೆ ಒಂದು ಬದಲು ಮಾಡ್ಬೇಕಂತೆ.”

“ಎಂತದೇ?”

“‘ಹಿರಿಯರು’ ಅಂದ್ರೆ ಬರೀ ಕನ್ನಡ ಆಯ್ತಂತೆ. ಸಿದ್ದಿ ದೇವರಿಗೆ ಆಫ್ರಿಕದ ಹೆಸರು ಬೇಕಂತೆ. ಇಲ್ದಿದ್ರೆ ಇವರು ಬೇರೆ ಅಂತ ಓದೋರಿಗೆ ಗೊತ್ತಾಗೂದು ಹೇಗೆ ಅಂತಾರೆ.”

“ನಿಮ್ಮಜ್ಜಿ ಕಾರವಾರದ ಸಮುದ್ರವನ್ನೇ ಕಂಡವಳಲ್ಲ. ಆಫ್ರಿಕ ಎಲ್ಲಿಂದ ತರೂದೇ, ಸಂತೆಯಿಂದ?”

ಅವಳು ನಗಲಿಲ್ಲ. “ನೆಟ್ಟಲ್ಲಿ ಒಂದು ಹೆಸರು ಸಿಕ್ಕಿದೆ. ಹಾಕ್ಲಾ? ನನ್ನ ಕತೆ ಪುಸ್ತಕದಲ್ಲಿ ಬರೂದು ಇದೇ ಮೊದಲು.”

ಅದು ಅವಳಿಗೆ ಎಷ್ಟು ಬೇಕಿತ್ತೆಂದು ನನಗೆ ಗೊತ್ತು. ಅವಳು ಚಿಕ್ಕವಳಿದ್ದಾಗ ಯಲ್ಲಾಪುರದ ಬಸ್ಸಿನಲ್ಲಿ ಒಬ್ಬರು, “ಕನ್ನಡ ಎಷ್ಟು ಚಂದ ಕಲ್ತಿದ್ದೀರಿ! ಯಾವ ದೇಶ ನಿಮ್ದು?” ಎಂದು ನಮ್ಮನ್ನು ಹೊಗಳಿದ್ದರು. ಮನೆ ಮುಟ್ಟಿದ್ದೇ ಮಗು, “ನಾವು ಇಲ್ಲಿಯವರಲ್ವಾ, ಆಯಿ?” ಎಂದು ಕೇಳಿತು. ನಾವು ಇಲ್ಲಿಯವರೇ ಎಂದು ಹೇಳಲಿಕ್ಕೇ ಅವಳು ಈ ಕತೆ ಬರೆದದ್ದು.

ಕಾಯಿಯ ಕಡೆ ನೋಡಿದೆ. ಹಿಂದೆ ನಮ್ಮವರನ್ನು ಆಫ್ರಿಕದಿಂದ ಹಡಗಿನಲ್ಲಿ ತಂದು ಮಾರಿದವರು ಅವರ ಹೆಸರು ಉಳಿಯಗೊಡಲಿಲ್ಲ. ಯಾರು ಯಾರ ಮಗ, ಯಾರು ಯಾರ ತಾಯಿ, ಒಂದೂ ತಿಳಿಯದು. ಅದಕ್ಕೇ ಎಲ್ಲರನ್ನೂ ಸೇರಿಸಿ ಹಿರಿಯರು ಅನ್ನುತ್ತೇವೆ.

“ಮಗಾ, ಸಂಜೆ ಅನ್ನ ಇಟ್ಟು ಆ ಹೆಸರು ಕರೆದ್ರೆ ಯಾರು ಬರ್ತಾರೆ? ಗುರ್ತಿಲ್ಲದವರು ಉಣ್ಣೂಕೆ ಕೂತ್ರೆ ನಿಮ್ಮಜ್ಜಿ ಹೊರಗೆ ನಿಲ್ತಾಳೆ.”



“ಹಾಗಾದ್ರೆ ಕತೆ ಬಿಟ್ಟುಬಿಡ್ತಾರೆ, ಆಯಿ.”

ಬಿಡಲಿ ಎನ್ನಲು ನನಗೆ ಬಾಯಿ ಬರಲಿಲ್ಲ. “ನಿನ್ನ ಕತೆ, ನೀನೇ ನೋಡು” ಎಂದೆ.

“ಹಿರಿಯರು ಅಂತಲೇ ಇರ್ಲಿ.” ಅಳುತ್ತಿದ್ದಳು.

ಪುಸ್ತಕ ಅವಳ ಕತೆಯಿಲ್ಲದೆಯೇ ಬಂತು. ಆಮೇಲೆ ಅವಳು ಏನೂ ಬರೆದ ಹಾಗಿಲ್ಲ. ಕೇಳಲು ನನಗೂ ಧೈರ್ಯವಿಲ್ಲ. ಆದರೂ ದೇವರು ಅಷ್ಟು ಮಾಡಿದ: ಆ ಹೆಸರು ಹಾಕುವ ಮೊದಲು ನನ್ನನ್ನೊಂದು ಮಾತು ಕೇಳುವ ಬುದ್ಧಿ ಅವಳಿಗೆ ಕೊಟ್ಟ.

ಅವತ್ತು ಮಾತು ಮುಗಿದ ಮೇಲೆ ಫೋನಿಗೆ ಹತ್ತಿದ ಸಗಣಿ ಒರೆಸಿದೆ. ಉಳಿದಷ್ಟು ನೆಲ ಸಾರಿಸಿ, ಕೈ ತೊಳೆದು, ಹಿರಿಯರ ಅನ್ನಕ್ಕೆ ಎಸರಿಟ್ಟೆ.