ಅಟ್ಟದ ಮೇಲಿದ್ದ ಎಣ್ಣೆ ಡಬ್ಬಿ

ಮಕ್ಕಳೇ, ಕಳೆದ ತಿಂಗಳು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ವೀಡಿಯೋ ಬಂತು. ನಿಮ್ಮ ಅಜ್ಜ ಹೋದ ವಿಮಾನದ ಬಗ್ಗೆ ಯಾರೋ ಕನ್ನಡಕದವನೊಬ್ಬ ಮಾತಾಡಿದ್ದ. ಅದರೊಳಗೆ ಬಾಂಬ್ ಇಟ್ಟವರು ಯಾರು ಎಂಬುದಕ್ಕೆ ಅವನ ಹತ್ತಿರ ಐದು ಉತ್ತರಗಳಿದ್ದವು. ನಾಲ್ಕನೆಯದಕ್ಕೆ ಬಂದಾಗ, ಕರಾವಳಿಯ ಒಬ್ಬ ಪ್ರಯಾಣಿಕನ ಪೆಟ್ಟಿಗೆಯಲ್ಲಿ ನೆರೆಮನೆಯವರು ಕೊಟ್ಟ ಬೆಸುಗೆ ಹಾಕಿದ ಡಬ್ಬಿ ಇತ್ತು, ಅದನ್ನು ಯಾರೂ ಸರಿಯಾಗಿ ತನಿಖೆ ಮಾಡಲಿಲ್ಲ ಎಂದ.

ನಿಮ್ಮಲ್ಲಿ ದೊಡ್ಡವಳು ಫೋನ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು. "ಅಜ್ಜೀ, ಇದು ನಮ್ಮ ಅಜ್ಜನ ಪೆಟ್ಟಿಗೆಯಾ? ಆ ಬ್ಯಾರಿಗಳ ಡಬ್ಬಿಯಾ?"

ನಾನು ಒಗ್ಗರಣೆ ಹಾಕುತ್ತಿದ್ದೆ. "ನಂಗೆ ಗೊತ್ತಿಲ್ಲ ಮಗಾ" ಎಂದೆ.

ಗೊತ್ತಿತ್ತು. ಆ ಡಬ್ಬಿ ವಿಮಾನ ಹತ್ತಲೇ ಇಲ್ಲ. ನೀವು ಹಾಗೆ ಕೇಳುವಾಗ ಅದು ನಮ್ಮ ತಲೆಯ ಮೇಲೆ, ಅಟ್ಟದಲ್ಲಿ, ಗೋಣಿಚೀಲದೊಳಗೆ ಇತ್ತು. ಏಳನೆಯವರೆಗೆ ಊರ ಶಾಲೆಯಲ್ಲಿ ಕಲಿತವಳು ನಾನು. ನಾಲ್ಕು ಜನರ ಎದುರು ನನಗೆ ಬಾಯಿ ಬರುವುದಿಲ್ಲ. ಬರೆದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ನಿಮ್ಮ ಅಜ್ಜ ಗಲ್ಫಿನಲ್ಲಿ ಲಾರಿ ಓಡಿಸುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಬಂಟ್ವಾಳದ ಈ ಮನೆಗೆ ಬರುತ್ತಿದ್ದರು. ಆಗೆಲ್ಲ ಗಲ್ಫಿಗೆ ಹೊರಟವನ ಪೆಟ್ಟಿಗೆ ಅವನೊಬ್ಬನದಾಗಿರಲಿಲ್ಲ. ಅಲ್ಲಿ ಮಕ್ಕಳಿರುವ ಮನೆಯವರೆಲ್ಲ ಒಂದೊಂದು ಕಟ್ಟು ತಂದು ಕೊಡುತ್ತಿದ್ದರು. ಬೇಡ ಎನ್ನುವ ಹಾಗಿರಲಿಲ್ಲ. ಒಳಗೆ ಏನುಂಟು ಎಂದು ಕೇಳುವುದು ಮರ್ಯಾದೆಯಾಗಿರಲಿಲ್ಲ.

ಪಕ್ಕದ ಮನೆಯ ಅಕ್ಕ ಮುಸ್ಲಿಮರು, ನಮ್ಮ ಕಡೆ ಬ್ಯಾರಿಗಳು ಎನ್ನುವವರು. ಅವರ ಗಂಡನಿಗೆ ಪೇಟೆಯಲ್ಲಿ ಜೀನಸಿನ ಅಂಗಡಿ. ನಾನೂ ಅಕ್ಕನೂ ಅವರ ಜಗಲಿಯಲ್ಲಿ ಕೂತು ಒಟ್ಟಿಗೆ ಬೀಡಿ ಕಟ್ಟುತ್ತಿದ್ದೆವು. ನನ್ನ ಎಲೆ ಮುಗಿದರೆ ಕೇಳದೆಯೇ ತಮ್ಮ ಎಲೆಯನ್ನು ನನ್ನ ಮಡಿಲ ಮೇಲಿನ ತಡ್ಪೆ ಮೊರಕ್ಕೆ ಹಾಕುತ್ತಿದ್ದರು. ಗಲ್ಫಿನಲ್ಲಿದ್ದ ಅವರ ಮಗನಿಗೆ ತಲೆಕೂದಲು ಉದುರುತ್ತಿತ್ತು. ಅಕ್ಕ ಮನೆಯಲ್ಲೇ ಎಣ್ಣೆ ಕಾಯಿಸಿ, ದಾರಿಯಲ್ಲಿ ಸೋರಬಾರದೆಂದು ಮೂಡುಬಿದಿರೆಗೆ ಹೋಗಿ ಡಬ್ಬಿಯ ಮುಚ್ಚಳಕ್ಕೆ ಬೆಸುಗೆ ಹಾಕಿಸಿಕೊಂಡು ಬಂದಿದ್ದರು.

ಹೊರಡುವ ದಿನ ಬೆಳಿಗ್ಗೆ ನಿಮ್ಮ ಅಜ್ಜ ಪೆಟ್ಟಿಗೆಯನ್ನು ರಿಕ್ಷಾದಲ್ಲಿ ಪೇಟೆಗೆ ಒಯ್ದು, ಕೊಬ್ಬರಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ತಂದರು.

"ಮೂರು ಕಿಲೋ ಜಾಸ್ತಿ ಉಂಟು ಮಾರಾಯ್ತಿ. ನೀನು ಮಾಡಿದ್ದು ಹಪ್ಪಳವಾ, ಹಂಚಾ?"

"ಹಾಗಾದ್ರೆ ಆ ಡಬ್ಬಿ ಬಿಡುವ. ಮುಂದಿನ ತಿಂಗಳು ಹೋಗುವವರ ಹತ್ರ ಕಳಿಸುವ."

"ಅದು ಬೇಡ. ನಾನೇ ಕೈಯಾರೆ ಕೊಡ್ತೇನೆ ಅಂತ ಹೇಳಿದ್ದೇನೆ. ನಿನ್ನ ಹಪ್ಪಳ ತೆಗಿ" ಎಂದು ಹೇಳಿ ಸ್ನಾನಕ್ಕೆ ಹೋದರು.

ಎರಡು ವಾರ ಕೂತು ಮಾಡಿದ ಹಲಸಿನ ಹಪ್ಪಳ. ಅವರಿಗೆಂದೇ ಮಾಡಿದ್ದು. ನನಗೆ ಮನಸ್ಸು ಬರಲಿಲ್ಲ. ಡಬ್ಬಿಯನ್ನು ತೆಗೆದು ಅಟ್ಟದಲ್ಲಿಟ್ಟು ಹಪ್ಪಳವನ್ನು ಅದರ ಜಾಗಕ್ಕೆ ಒತ್ತಿದೆ. ಅವರು ಬರುವಷ್ಟರಲ್ಲಿ ಹಗ್ಗ ಬಿಗಿದಾಗಿತ್ತು. ಗಲ್ಫ್ ಮುಟ್ಟಿದ ಮೇಲೆ ಬೈದು ಪತ್ರ ಬರೆಯುತ್ತಾರೆ, ಅಷ್ಟೇ ಎಂದುಕೊಂಡಿದ್ದೆ.

ವಿಮಾನ ಸಮುದ್ರದ ಮೇಲೆ ಸಿಡಿದು ಬಿತ್ತು. ಒಬ್ಬರೂ ಉಳಿಯಲಿಲ್ಲ. ದೇಹ ಸಿಗದ ಕಾರಣ ದರ್ಭೆಯ ಗೊಂಬೆ ಮಾಡಿ ಸುಟ್ಟು, ಹದಿಮೂರನೆಯ ದಿನ ಬೊಜ್ಜದ ಉತ್ತರಕ್ರಿಯೆ ಮಾಡಿದರು. ನಿಮ್ಮ ಅಪ್ಪನಿಗೆ ಆಗ ಏಳು ವರ್ಷ. ಬೊಜ್ಜದ ಊಟಕ್ಕೆ ಕೂತವರು ವಿಮಾನದ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ.

"ಬಾಂಬೂ ಇಲ್ಲ, ಎಂತದೂ ಇಲ್ಲ. ಎಂಜಿನು ಹಳತು. ಬಾಂಬ್ ಅಂದ್ರೆ ಅವರಿಗೆ ಇನ್ಶೂರೆನ್ಸ್ ಸಿಗ್ತದೆ."

"ಅಲ್ಲ ಮಾರಾಯ, ಯುದ್ಧದ ಹಡಗಿನಿಂದ ತಪ್ಪಿ ಹೊಡೆದದ್ದಂತೆ. ಎರಡು ಸರ್ಕಾರ ಸೇರಿ ಮುಚ್ಚಿ ಹಾಕಿವೆ."

"ನಿನಗೆ ಹಡಗಿನವರು ಫೋನ್ ಮಾಡಿ ಹೇಳಿದ್ದಾ? ಸ್ವಲ್ಪ ಸಾರು ಹಾಕಿ ಇಲ್ಲಿ."

ಬೆಳ್ತಂಗಡಿಯಿಂದ ಬಂದಿದ್ದ ನನ್ನ ಮೈದುನ, ಅಣ್ಣ ಹೊರಡುವ ಹಿಂದಿನ ದಿನವೂ ಬಂದು ಪೆಟ್ಟಿಗೆಯಲ್ಲಿ ಆ ಡಬ್ಬಿಯನ್ನು ಕಂಡಿದ್ದ. ಊಟ ಮುಗಿಸಿ ಕೈ ತೊಳೆದು ಬಂದು, ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ಎಲ್ಲರಿಗೂ ಕೇಳುವ ಹಾಗೆ ಕೇಳಿದ. "ಅತ್ತಿಗೆ, ಆ ಪಕ್ಕದ ಮನೆಯವರ ಡಬ್ಬಿ. ಅದರೊಳಗೆ ಎಂತ ಇತ್ತು, ನೀವು ಕಣ್ಣಲ್ಲಿ ನೋಡಿದ್ದೀರಾ?"

ಇಲ್ಲವೆಂದು ತಲೆಯಾಡಿಸಿದೆ. ಅದು ಸುಳ್ಳಲ್ಲ, ಬೆಸುಗೆ ಹಾಕಿದ ಡಬ್ಬಿಯೊಳಗನ್ನು ನಾನು ಹೇಗೆ ನೋಡಲಿ? ಡಬ್ಬಿ ಹೋಗಲೇ ಇಲ್ಲ ಎಂದು ಆಗಲೇ ಹೇಳಬೇಕಿತ್ತು. ಗಂಡ ಬೇಡವೆಂದದ್ದನ್ನು ಮಾಡಿದವಳು, ಅಕ್ಕನಂಥವರ ಸಾಮಾನು ಕದ್ದಿಟ್ಟವಳು, ಅದೂ ಹಪ್ಪಳಕ್ಕಾಗಿ ಎಂದು ಅಷ್ಟು ಜನರ ಎದುರು ಹೇಗೆ ಹೇಳುವುದೆಂದು ನಾಚಿಕೆಯಾಯಿತು. ನಾಳೆ ಹೇಳುವ ಎಂದುಕೊಂಡೆ.

ಮರುದಿನ ಮೈದುನ ಪೊಲೀಸರಿಗೆ ಹೇಳಿದ. ಅಕ್ಕನ ಗಂಡನನ್ನು ಕರೆಸಿ ನಾಲ್ಕು ದಿನ ಕೂರಿಸಿಕೊಂಡರು. ಏನೂ ಸಿಗದೆ ಬಿಟ್ಟರು. ಆದರೆ ಅವರ ಅಂಗಡಿಗೆ ಜನ ಹೋಗುವುದು ನಿಂತಿತು. ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ಅಕ್ಕ ಸಾಲಿಗೆ ನಿಂತರೆ ಉಳಿದವರು ಒಂದು ಮಾರು ಹಿಂದೆ ನಿಲ್ಲುತ್ತಿದ್ದರು. "ದೂರ ನಿಲ್ಲಿ, ಢಂ ಅನ್ನೀತು" ಎಂದು ಒಬ್ಬಳು ಅಂದಾಗ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಷ್ಟೇ ನಾನು ಮಾಡಿದ್ದು.

ಒಂದು ಮಧ್ಯಾಹ್ನ ಅಕ್ಕ ನಮ್ಮ ಹಿಂಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ.

"ತಂಗೀ, ಎಣ್ಣೆ ಬಿಟ್ಟು ಬೇರೆ ಎಂತದೂ ಇರಲಿಲ್ಲ ಅದರಲ್ಲಿ. ಆ ಬೆಸುಗೆಯವನು ಏನಾದ್ರೂ ಮಾಡಿದ್ನಾ ಅಂತ ಈಗ ನನಗೇ ಹೆದರಿಕೆ. ನಿನಗೆ ಏನು ಅನಿಸ್ತದೆ, ಅದನ್ನು ಹೇಳು."

ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಅವರು ತಿರುಗಿ ಹೋದರು. ಡಬ್ಬಿಯ ಮೇಲೆ ನನಗೂ ಸಂಶಯ ಎಂದು ಅವರು ನನ್ನ ಅಳುವಿಗೆ ಅರ್ಥ ಮಾಡಿಕೊಂಡರೆಂದು ನನಗೆ ಆಗಲೇ ತಿಳಿದಿತ್ತು. ವರ್ಷದೊಳಗೆ ಮನೆ ಮಾರಿ ಮೂಡುಬಿದಿರೆಯ ಕಡೆ ಹೋದರು.

ಬಾಂಬು ದಾರಿಯಲ್ಲಿ ಸಿಕ್ಕುವ ಬೇರೆ ಯಾವುದೋ ದೇಶದ ನಿಲ್ದಾಣದಲ್ಲಿ, ಯಾರೂ ಜೊತೆಗೆ ಹೋಗದ ಸೂಟ್‌ಕೇಸಿನಲ್ಲಿ ವಿಮಾನ ಸೇರಿತ್ತು ಎಂದು ಎಷ್ಟೋ ವರ್ಷದ ಮೇಲೆ ತನಿಖೆಯವರು ಹೇಳಿದರು. ಪೇಪರಿನ ಮೂಲೆಯಲ್ಲಿ ಬಂದಿತ್ತು. ಮೈದುನನಿಗೆ ತೋರಿಸಿದರೆ, "ಪೇಪರಿನವರಿಗೆ ಎಂತ ಗೊತ್ತುಂಟು ಅತ್ತಿಗೆ?" ಎಂದ. ಆಗಲೂ ನಾನು ಅಟ್ಟದ ಕಡೆ ಕೈ ತೋರಿಸಲಿಲ್ಲ. ಒಮ್ಮೆ ನೇತ್ರಾವತಿ ನದಿಯ ನೆರೆನೀರು ಮನೆಯೊಳಗೆ ಬಂದಾಗ ಡಬ್ಬಿಯೂ ಹೋಗಿಬಿಡಲಿ ಎಂದು ಹಾರೈಸಿದ್ದೆ. ನೀರು ಅಟ್ಟ ಮುಟ್ಟಲಿಲ್ಲ. ನಮ್ಮ ಮನೆಯಲ್ಲಿ ಹಲಸಿನ ಹಪ್ಪಳ ಯಾಕೆ ಮಾಡುವುದಿಲ್ಲ ಎಂದು ನೀವು ಕೇಳುತ್ತಿದ್ದಿರಲ್ಲ, ಇದಕ್ಕೇ.

ಆ ವೀಡಿಯೋ ಬಂದ ಮೇಲೆ ನನಗೆ ಊಟ ಸೇರಲಿಲ್ಲ. ಅಕ್ಕನ ಮೊಮ್ಮಕ್ಕಳ ಫೋನಿಗೂ ಅದು ಬಂದಿರುತ್ತದೆ ಎಂಬುದೇ ಯೋಚನೆ. ಕಳೆದ ವಾರ ಮೆಟ್ಟಿಲಿಗೆ ಮಂಡಿಯೂರುತ್ತ ಅಟ್ಟ ಹತ್ತಿ ಡಬ್ಬಿ ತೆಗೆದೆ. ಡಾಕ್ಟರ ಹತ್ತಿರ ಹೋಗುತ್ತೇನೆಂದು ನಿಮಗೆ ಹೇಳಿ ಮೂಡುಬಿದಿರೆಯ ಬಸ್ಸು ಹತ್ತಿದೆ. ಕೇಳುತ್ತ ಕೇಳುತ್ತ ಮನೆ ಸಿಕ್ಕಿತು.

ಅಕ್ಕನಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ನಾನು ಯಾರೆಂದು ಹೇಳಿ ಡಬ್ಬಿಯನ್ನು ಅವರ ಮಡಿಲಲ್ಲಿಟ್ಟೆ. ಅವರು ಮುಚ್ಚಳದ ಸುತ್ತ ಬೆಸುಗೆಯ ಮೇಲೆ ಹೆಬ್ಬೆರಳು ಓಡಿಸಿದರು. ಒಂದು ಸುತ್ತು ಮುಗಿಯುವಾಗ ಅವರ ಕೈ ನಿಂತಿತು.

"ಇದು ಎಲ್ಲಿತ್ತು?"

"ನಮ್ಮ ಅಟ್ಟದಲ್ಲಿ. ಭಾರ ಜಾಸ್ತಿ ಆಗಿತ್ತು. ಇವರಿಗೆ ಗೊತ್ತಿಲ್ಲದೆ ನಾನೇ ತೆಗೆದಿಟ್ಟದ್ದು. ಹಪ್ಪಳಕ್ಕೆ ಜಾಗ ಬೇಕಿತ್ತು."

"ಹಪ್ಪಳಕ್ಕೆ" ಎಂದರು ಅಕ್ಕ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನಮ್ಮವರು ತೀರಿಹೋಗುವ ಮುಂಚೆ ನನ್ನ ಕೈ ಹಿಡಿದು ಕೇಳಿದ್ರು, ಅದರಲ್ಲಿ ಎಣ್ಣೆಯೇ ಇದ್ದದ್ದಲ್ವಾ ಅಂತ. ನಲವತ್ತು ವರ್ಷ ಒಟ್ಟಿಗೆ ಬಾಳಿದವರು. ನಾನು ಹೌದು ಅಂದೆ. ನಂಬಿದ್ರಾ ಇಲ್ವಾ ಗೊತ್ತಿಲ್ಲ. ನಾನು ಇವತ್ತಿಗೂ ದಿನಾ ನಮಾಜು ಮುಗಿಸಿ ನಿನ್ನ ಗಂಡನ ಹತ್ರ ಕ್ಷಮೆ ಕೇಳ್ತೇನೆ ತಂಗೀ."

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ನಿನ್ನ ಮೊಮ್ಮಕ್ಕಳಿಗೆ ಹೇಳಿದ್ದೀಯಾ?"

"ಇಲ್ಲ ಅಕ್ಕ."

"ನನಗೆ ಹೇಳಿ ಎಂತ ಆಗ್ಲಿಕ್ಕುಂಟು? ಅದರಲ್ಲಿ ಎಣ್ಣೆ ಇದ್ದದ್ದು ನನಗೆ ಗೊತ್ತೇ ಉಂಟು. ಗೊತ್ತಿಲ್ಲದವರಿಗೆ ಹೇಳು."

ಸೊಸೆ ಚಾ ತಂದು ಬಾಗಿಲಲ್ಲಿ ನಿಂತಿದ್ದಳು. ಅಕ್ಕ ಬೇಡವೆಂದು ಕೈಯಾಡಿಸಿದರು. ಡಬ್ಬಿಯನ್ನು ಅವರು ಮಡಿಲಿನಿಂದ ಇಳಿಸಲಿಲ್ಲ. ನಾನು ಖಾಲಿ ಚೀಲ ಮಡಚಿಕೊಂಡು ಬಸ್ಸಿಗೆ ಬಂದೆ.

ಮಕ್ಕಳೇ, ಇದನ್ನು ಓದಿ ನನ್ನನ್ನು ಸಮಾಧಾನ ಮಾಡಲು ಬರಬೇಡಿ. ನನಗೆ ಫೋನಿನಲ್ಲಿ ಬರೆಯಲು ಬರುವುದಿಲ್ಲ. ಈ ಹಾಳೆಗಳ ಫೋಟೋ ತೆಗೆದು, ಆ ವೀಡಿಯೋ ಬಂದ ಗುಂಪಿಗೇ ಹಾಕಿ. ನನ್ನ ಮೈದುನನೂ ಆ ಗುಂಪಿನಲ್ಲಿದ್ದಾನೆ.