ಹುಳುಮನೆಗೆ ಹೋದ ದಿನ

ಎರಡನೆಯ ಸಲವೂ ಮಗು ಹೊಟ್ಟೆಯಲ್ಲೇ ಹೋದ ಮೇಲೆ ಯಳಂದೂರಿನ ಡಾಕ್ಟರು ನನ್ನನ್ನು ಕೊಳ್ಳೇಗಾಲದ ಆಪ್ತಸಮಾಲೋಚಕಿಯ ಬಳಿಗೆ ಕಳಿಸಿದರು. ಮೂರು ವಾರ ಅವರೆದುರು ನಿದ್ದೆ, ಊಟ, ಕಾಲೇಜಿನ ಕೆಲಸ ಅಂತ ಮಾತಾಡಿದೆ. ನಾಲ್ಕನೆಯ ವಾರ ಬಾಯಿಂದ ಬಂತು: "ನನ್ನ ಕೈಯಲ್ಲಿ ಏನೂ ಉಳಿಯಲ್ಲ."

"ಇದನ್ನು ಮೊದಲು ಹೇಳಿದವರು ಯಾರು?" ಅಂದರು.

ಅಜ್ಜಿ. ಹನೂರಿನ ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆವು. ಮುಟ್ಟಾದವರು ಹುಳುಮನೆಗೆ ಕಾಲಿಡುವಂತಿರಲಿಲ್ಲ. ನನಗೆ ಹನ್ನೆರಡು. ಮೊದಲ ಸಲ ಮುಟ್ಟಾದದ್ದನ್ನು ಯಾರಿಗೂ ಹೇಳದೆ, ಎಂದಿನಂತೆ ಹುಳದ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿಬಂದೆ. ಮಾರನೆಯ ದಿನ, ಇನ್ನೇನು ಗೂಡು ಕಟ್ಟಬೇಕಿದ್ದ ಹುಳಗಳೆಲ್ಲ ಸತ್ತಿದ್ದವು. ನನ್ನ ಬಟ್ಟೆಯ ಕಲೆ ನೋಡಿ ಅಜ್ಜಿಗೆ ಗೊತ್ತಾಯಿತು. "ಇವಳ ಕೈಲಿ ಏನೂ ಉಳಿಯಕಿಲ್ಲ ಕಣ್ಲಾ" ಅಂತ ಅಪ್ಪನಿಗೆ ಹೇಳಿದಳು. ಅವ್ವ ಗುಂಡಿ ತೋಡಿ ಹುಳ ಮುಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.

ನಾನು ಪ್ರಾಣಿಶಾಸ್ತ್ರ ಓದಿದವಳು, ಅದನ್ನೇ ಪಾಠ ಮಾಡುವವಳು. ಹುಳಕ್ಕೆ ಮುಟ್ಟು ಗೊತ್ತಾಗದು ಎಂದು ತರಗತಿಯಲ್ಲಿ ನಗುತ್ತಲೇ ಹೇಳಿದ್ದೇನೆ. ಆಸ್ಪತ್ರೆಯ ಮಂಚದ ಮೇಲೆ ಮಾತ್ರ, ಎರಡೂ ಸಲ, ನೆನಪಾದದ್ದು ಅಜ್ಜಿಯ ಮಾತು.

ಆವತ್ತು ಏನಾಯಿತೆಂದು ಅವ್ವನನ್ನು ಕೇಳಲು ಸಾಧ್ಯವೇ ಅಂದರು ಸಮಾಲೋಚಕಿ. ಭಾನುವಾರ ಹನೂರಿಗೆ ಹೋದೆ. ಅವ್ವ ಅವರೆಕಾಯಿ ಬಿಡಿಸುತ್ತಿದ್ದಳು. ಹುಳ ಸತ್ತ ದಿನದ ಮಾತೆತ್ತಿದೆ.

"ಅದ್ನ ಇನ್ನೂ ಒತ್ಕಂಡು ತಿರುಗ್ತಿದ್ದೀಯಾ? ಇಷ್ಟೆಲ್ಲ ಓದಿ ಲೆಕ್ಚರರ್ ಆದ್ರೂ ಬುದ್ಧಿ ಮಾತ್ರ ಬರ್ನಿಲ್ಲ ನಿಂಗೆ."

ನಾನು ನಗಲಿಲ್ಲ. ಅವಳ ಕೈ ನಿಂತಿತು.

"ಸೊಪ್ಪು ತಂದೋಳು ನಾನು. ಪಕ್ಕದ ಒಲದೋರು ಟೊಮೆಟೊಗೆ ಔಸ್ದಿ ಒಡ್ದಿದ್ರು. ಅತ್ಲಾಗಿನ ಸಾಲು ಕುಯ್ಯಬಾರ್ದು ಅಂತ ಗೊತ್ತಿತ್ತು. ಒತ್ತಾಗಿತ್ತು, ಕುಯ್ಕಂಬಂದೆ. ಉಳ ಅಸ್ರು ಕಕ್ಕಂಡು ಸತ್ವು."

"ಆವತ್ತೇ ಯಾಕೆ ಹೇಳಲಿಲ್ಲ?"

"ಏಳಿದ್ರೆ ನಿಮ್ಮಜ್ಜಿ ನನ್ನ ಮನೇಲಿ ಇಟ್ಕತಿದ್ಲಾ? ನೀನು ಮಗು, ಮರ್ತೋಯ್ತೀಯ ಅನ್ಕಂಡೆ."

ವಾಪಸು ಬರುವಾಗ ಬಸ್ಸಿನಲ್ಲಿ ಆ ಹಸಿರು ವಾಂತಿ ನನಗೂ ಸ್ಪಷ್ಟವಾಗಿ ಕಾಣತೊಡಗಿತು. ಆದರೆ ಮನೆಗೆ ಬಂದು, ನಾಲ್ಕನೆಯ ವಾರ ಸಮಾಲೋಚಕಿಗೆ ಹೇಳಿದ್ದನ್ನೆಲ್ಲ ಬರೆದಿಟ್ಟಿದ್ದ ಡೈರಿ ತೆಗೆದರೆ 'ಸತ್ತಿದ್ದವು' ಎಂದಷ್ಟೇ ಇದೆ. ಹಸಿರಿಲ್ಲ. ಅದು ನನ್ನ ನೆನಪೋ, ಅವ್ವ ಕೊಟ್ಟದ್ದೋ? ನನ್ನ ಮುಖ ನೋಡಲಾರದೆ ಅವಳು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿರಲೂಬಹುದು.

ಸಮಾಲೋಚಕಿಗೆ ಇದನ್ನೇ ಹೇಳಿದೆ.

"ಅಮ್ಮ ಹೇಳಿದ್ದು ಸುಳ್ಳೇ ಅಂತಿಟ್ಟುಕೊಳ್ಳಿ. ಆ ಹನ್ನೆರಡು ವರ್ಷದ ಹುಡುಗಿಗೆ ನೀವು ಏನು ಹೇಳ್ತೀರಿ?"

"ನಿನ್ನಿಂದ ಆದದ್ದಲ್ಲ ಅಂತೀನಿ."

"ಎರಡು ಮಕ್ಕಳನ್ನು ಕಳೆದುಕೊಂಡವಳಿಗೆ?"

ಹೇಳಬೇಕಿದ್ದದ್ದು ಅದೇ ಮಾತು. ಅವರು ಕಾದರು. ಇವತ್ತು ಆಗಲ್ಲ ಎಂದು ತಲೆಯಾಡಿಸಿದೆ.